ಮೋಟರಿನ ಹುಡುಗ, ಅಂತಿಗೊನೆಯ ಪ್ರಬಂಧ

ನಮ್ಮ ಕೆಳಗಿನ ಮನೆಯ ಹುಡುಗ ಬರೆದ ಎರಡು ಬರಹಗಳು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಒಂದು, ಸೊಫೊಕ್ಲಿಸ್‌ನ ಅಂತಿಗೊನೆ ನಾಟಕದ ಮೇಲೆ ಬರೆದ ಪ್ರಬಂಧ. ಲಂಕೇಶ್ ಕನ್ನಡಕ್ಕೆ ತಂದರಲ್ಲ, ಅದೇ ಅಂತಿಗೊನೆ. ಇನ್ನೊಂದು, ತ್ರೀ ಫೇಸ್ ಮೋಟರಿನ ವೇಗ ಬದಲಿಸುವುದರ ಬಗ್ಗೆ ಬರೆದ ವರದಿ. ಹುಡುಗ ಓದಿದ್ದು ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಒಂದು ವೃತ್ತಿಶಾಲೆಯಲ್ಲಿ, ಎಲೆಕ್ಟ್ರಿಕಲ್ ವಿಭಾಗ. ಎರಡನ್ನೂ ಬರೆದದ್ದು ಒಂದೇ ವರ್ಷ, ಒಂದೇ ಅಡುಗೆಮನೆ ಟೇಬಲ್ ಮೇಲೆ ಕೂತು. ಪಕ್ಕಪಕ್ಕ ಇಟ್ಟು ಓದಿದರೆ ಒಬ್ಬನೇ ಬರೆದದ್ದು ಅಂತ ಯಾರೂ ನಂಬುವುದಿಲ್ಲ.

ಪ್ರಬಂಧ ಬಹಳ ಅಚ್ಚುಕಟ್ಟು. ಪೀಠಿಕೆ ಇದೆ, ಮಧ್ಯ ಇದೆ, ಕೊನೆ ಇದೆ. ರಾಜ ಕ್ರಿಯೋನ್ ಬೇಡ ಅಂದರೂ ಅಂತಿಗೊನೆ ಒಡಹುಟ್ಟಿದವನ ಹೆಣ ಹೂಳುತ್ತಾಳೆ; ಅವಳು ದೈವದ ನಿಯಮದ ಪರ, ಕ್ರಿಯೋನ್ ರಾಜ್ಯದ ನಿಯಮದ ಪರ, ಇಬ್ಬರೂ ಹಟಮಾರಿಗಳು, ಆದ್ದರಿಂದ ದುರಂತ. ತಪ್ಪು ಹುಡುಕಿದರೂ ಸಿಗುವುದಿಲ್ಲ, ಹುಡುಗನೂ ಸಿಗುವುದಿಲ್ಲ. ಮೋಟರಿನ ವರದಿ ಇದಕ್ಕೆ ಪೂರ್ತಿ ಉಲ್ಟಾ. ವಾಕ್ಯಗಳು ಕುಂಟುತ್ತವೆ. ಅಲ್ಪವಿರಾಮ ಎಲ್ಲಿ ಹಾಕಬೇಕೋ ಅಲ್ಲಿ ಇಲ್ಲ. ಆದರೆ ಒಳಗೆ ಒಬ್ಬ ಮನುಷ್ಯ ಇದ್ದಾನೆ. ಅವನು ಏನೋ ಜೋಡಿಸಿದ್ದಾನೆ, ಅದು ಮೊದಲು ಕೆಲಸ ಮಾಡಿಲ್ಲ, ಆಮೇಲೆ ಮಾಡಿದೆ. ಇಷ್ಟು ಗೊತ್ತಾಗುತ್ತದೆ. ಯಾಕೆ ಮಾಡಲಿಲ್ಲ, ಹೇಗೆ ಸರಿಯಾಯಿತು ಅನ್ನುವುದು ಮಾತ್ರ ಕಾಗದದ ಮೇಲೆ ಬಂದಿಲ್ಲ.

ನನಗೂ ಈ ಮನೆಗೂ ಇರುವ ನಂಟು ಇಷ್ಟೇ. ನಮ್ಮ ಮನೆಯವರ ಕೆಲಸದಿಂದಾಗಿ ಇಲ್ಲಿಗೆ ಬಂದಾಗ ನನಗೆ ಕ್ರೊಯೇಷಿಯನ್ ಒಂದಕ್ಷರ ಬರುತ್ತಿರಲಿಲ್ಲ. ವಿಶ್ವವಿದ್ಯಾಲಯದವರು ವಿದೇಶಿಯರಿಗೆ ನಡೆಸುವ ಕ್ರೊಆತಿಕುಮ್ ತರಗತಿಗೆ ಸೇರಿಕೊಂಡೆ. ಕೆಳಗಿನ ಮನೆಯಾಕೆ ಒಂದು ಒಪ್ಪಂದ ಮಾಡಿಕೊಂಡರು: ನಾನು ಅವರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು, ಮಕ್ಕಳು ನನ್ನ ಕ್ರೊಯೇಷಿಯನ್ ತಿದ್ದಬೇಕು. ಹೀಗೆ ಹುಡುಗನ ಪ್ರಬಂಧಗಳೂ ನನ್ನ ಕೈಗೆ ಬಂದವು. ವ್ಯಾಕರಣ ಕಲಿಯುವುದಕ್ಕೆ ಅಂತ ಓದಲು ಶುರು ಮಾಡಿದವಳು ನಾನು, ಈಗ ಅವರ ಶಿಕ್ಷಣ ವ್ಯವಸ್ಥೆಯ ಬಗ್ಗೆ ಬರೆಯುತ್ತಾ ಕೂತಿದ್ದೇನೆ ನೋಡಿ.

ಒಂದೇ ಬಾಗಿಲು

ಇಲ್ಲಿ ಎಂಟನೇ ಕ್ಲಾಸ್ ಮುಗಿದ ಕೂಡಲೇ ದಾರಿ ಎರಡಾಗುತ್ತದೆ. ಒಂದು ಗಿಮ್ನಾಜಿಯಾ, ಅಂದರೆ ಕಾಲೇಜಿಗೇ ಹೋಗಬೇಕು ಅಂದುಕೊಂಡವರ ನಾಲ್ಕು ವರ್ಷ. ಇನ್ನೊಂದು ವೃತ್ತಿಶಾಲೆ. ನಮ್ಮ ಐಟಿಐ, ಡಿಪ್ಲೊಮಾ, ಒಂದು ಕಾಲದ ಜೆಒಸಿ (ಜಾಬ್ ಓರಿಯೆಂಟೆಡ್ ಕೋರ್ಸ್) ಎಲ್ಲವನ್ನೂ ಒಂದೇ ಸೂರಿನಡಿ ತಂದ ಹಾಗೆ ಅಂದುಕೊಳ್ಳಿ. ಮೂರು ವರ್ಷದ್ದು, ನಾಲ್ಕು ವರ್ಷದ್ದು, ನರ್ಸಿಂಗ್ ಆದರೆ ಐದು ವರ್ಷದ್ದು. ಇಲ್ಲಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಶೇ. 70ರಷ್ಟು ಹೋಗುವುದು ವೃತ್ತಿಶಾಲೆಗೇ. ಯುರೋಪಿನಲ್ಲಿ ಇದು ಬಹಳ ಜಾಸ್ತಿ. ಹಾಗಾಗಿ ವೃತ್ತಿಶಾಲೆ ಅಂದರೆ ಓದಿನಲ್ಲಿ ಹಿಂದೆ ಬಿದ್ದವರ ಮೂಲೆ ಅಂತ ಯಾರಾದರೂ ಹೇಳಿದರೆ ಲೆಕ್ಕ ತಪ್ಪುತ್ತದೆ. ದೇಶದ ಬಹುಪಾಲು ಮಕ್ಕಳು ಅಲ್ಲೇ ಇದ್ದಾರೆ, ಅವರಲ್ಲಿ ಎಷ್ಟೋ ಜನ ಮುಂದೆ ಓದಬೇಕು ಅಂತಲೂ ಇದ್ದಾರೆ.

ಮುಂದೆ ಓದಬೇಕಾದರೆ ಬಾಗಿಲು ಒಂದೇ. ದರ್ಜಾವ್ನಾ ಮತೂರಾ, ಅಂದರೆ ಸರ್ಕಾರ ನಡೆಸುವ ಪರೀಕ್ಷೆ. 2010ರಲ್ಲಿ ಮೊದಲ ಬಾರಿ ನಡೆಯಿತು. ಅದಕ್ಕೂ ಮುಂಚೆ ಆಯಾ ಫ್ಯಾಕಲ್ಟಿಯೇ, ಅಂದರೆ ವಿಶ್ವವಿದ್ಯಾಲಯದ ಆಯಾ ಕಾಲೇಜೇ, ತನ್ನ ಪ್ರವೇಶ ಪರೀಕ್ಷೆ ಮಾಡಿಕೊಳ್ಳುತ್ತಿತ್ತು. ಮತೂರಾ ಬಂದ ಮೇಲೆ ಕ್ರೊಯೇಷಿಯನ್, ಗಣಿತ, ಒಂದು ವಿದೇಶಿ ಭಾಷೆ ಎಲ್ಲರಿಗೂ ಕಡ್ಡಾಯ. ಗಿಮ್ನಾಜಿಯಾ ಮಕ್ಕಳಿಗೆ ಶಾಲೆ ಮುಗಿಸುವ ಪರೀಕ್ಷೆಯೂ ಇದೇ. ವೃತ್ತಿಶಾಲೆಯವರು ಶಾಲೆ ಮುಗಿಸುವುದು ಬೇರೆ ತರ, ಅದನ್ನ ಆಮೇಲೆ ಹೇಳುತ್ತೇನೆ. ಮತೂರಾ ಅವರಿಗೆ ಬೇಕಾದರೆ ಬರೆಯುವ ಪರೀಕ್ಷೆ. ಆದರೆ ಕಾಲೇಜು ಬೇಕು ಅಂದವನಿಗೆ ಬರೆಯದೆ ವಿಧಿಯಿಲ್ಲ. ಮೂರು ವರ್ಷದ ಕಸುಬು ಕಲಿತವರ ದಾರಿ ಇನ್ನೂ ಉದ್ದ, ಅವರ ಕಥೆ ಬೇರೆಯೇ ಬರೆಯಬೇಕು.

ಮೊದಮೊದಲು ಕ್ರೊಯೇಷಿಯನ್ ಪರೀಕ್ಷೆಗೆ ಎರಡು ಮಟ್ಟ ಇತ್ತು. ಎ ಅಂದರೆ ಕಷ್ಟದ್ದು, ಬಿ ಅಂದರೆ ಸ್ವಲ್ಪ ಸುಲಭದ್ದು. ಎಷ್ಟೋ ತಾಂತ್ರಿಕ ಕೋರ್ಸ್‌ಗಳಿಗೆ ಬಿ ಸಾಕಾಗುತ್ತಿತ್ತು. 2021-22ರಿಂದ ಕ್ರೊಯೇಷಿಯನ್‌ಗೆ ಒಂದೇ ಮಟ್ಟ. ಗಿಮ್ನಾಜಿಯಾ ಹುಡುಗಿ, ಮೋಟರಿನ ಹುಡುಗ, ಹೋಟೆಲ್ ಕೋರ್ಸ್ ಮಾಡಿದವಳು, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಕೇಳುವುದಕ್ಕೆ ಸಮಾನತೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು, ಪಾಠದ ಲೆಕ್ಕ ನೋಡುವವರೆಗೆ. ಗಿಮ್ನಾಜಿಯಾದಲ್ಲಿ ವಾರಕ್ಕೆ 4 ಪೀರಿಯಡ್ ಕ್ರೊಯೇಷಿಯನ್. ಬಹಳಷ್ಟು ನಾಲ್ಕು ವರ್ಷದ ವೃತ್ತಿ ಕೋರ್ಸ್‌ಗಳಲ್ಲಿ 3. ವರ್ಷಕ್ಕೆ 140 ಒಂದು ಕಡೆ, 105 ಇನ್ನೊಂದು ಕಡೆ. ನಾಲ್ಕು ವರ್ಷ ಕೂಡಿಸಿ ನೋಡಿ, ಹತ್ತಿರ ಹತ್ತಿರ ಒಂದು ಇಡೀ ವರ್ಷದ ಪಾಠ ಖೋತಾ. ಪಾಠ ಕಮ್ಮಿ, ಪರೀಕ್ಷೆ ಅದೇ.

ಇದರಿಂದ ಆಗುವುದೇನು ಅಂದರೆ, ಮೇಷ್ಟ್ರು ಓಡುತ್ತಾರೆ. 2019ರ ಹೊಸ ಪಠ್ಯಕ್ರಮ ಕಾಗದದ ಮೇಲೆ ಚೆನ್ನಾಗೇ ಇದೆ. ಭಾಷೆ ಮತ್ತು ಸಂವಹನ, ಸಾಹಿತ್ಯ, ಸಂಸ್ಕೃತಿ ಮತ್ತು ಮಾಧ್ಯಮ ಅಂತ ಮೂರು ಭಾಗ. ಲೇಖನ ಓದಬೇಕು, ಸಾರಾಂಶ ಬರೆಯಬೇಕು, ಎದ್ದುನಿಂತು ಮಾತಾಡಬೇಕು, ಎಲ್ಲ ಇದೆ. ಆದರೆ ಕೊನೆಯಲ್ಲಿ ಕಾಯುತ್ತಿರುವುದು ಸಾಹಿತ್ಯದ ಪ್ರಬಂಧ. ಸಮಯ ಕಮ್ಮಿ ಬಿದ್ದಾಗ ಏನು ಉದುರಿಹೋಗುತ್ತದೆ ಅಂತ ನಾನೇ ಹೇಳಬೇಕಿಲ್ಲ. ಹುಡುಗ ನನಗೆ ಒಂದು ಹಾಳೆ ತೋರಿಸಿದ್ದ. ಪ್ರತಿ ಕೃತಿಗೂ ಅರ್ಧ ಪುಟ: ಕಾಲ, ಪಂಥ, ಪಾತ್ರಗಳು, ವಿಷಯ, ಪ್ರಬಂಧದಲ್ಲಿ ಹಾಕಬಹುದಾದ ಎರಡು ವಾಕ್ಯ. ದುಡ್ಡು ಕೊಟ್ಟು ಹೋಗುವ ಟ್ಯೂಷನ್‌ನಲ್ಲಿ ಸಿಕ್ಕಿದ್ದು. ನಮ್ಮ ಎಸ್‌ಎಸ್‌ಎಲ್‌ಸಿ ಗೈಡ್ ನೆನಪಾಗಿ ನಗು ಬಂತು. ಕವಿ ಪರಿಚಯ ನಾಲ್ಕು ಸಾಲು, ಜನನ, ಕೃತಿಗಳು, ಪ್ರಶಸ್ತಿ. ಎಲ್ಲ ಕಡೆ ಒಂದೇ ಅಲ್ವಾ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಹುಡುಗನ ಅಪ್ಪ ಅಮ್ಮನ ಕಾಲದಲ್ಲಿ ಕ್ರೊಯೇಷಿಯಾದಲ್ಲಿ ಗಿಮ್ನಾಜಿಯಾಗಳೇ ಇರಲಿಲ್ಲ. 1970ರ ದಶಕದಲ್ಲಿ, ಯುಗೊಸ್ಲಾವಿಯಾ ಇದ್ದಾಗ, ಆಗ ಕ್ರೊಯೇಷಿಯಾದ ಶಿಕ್ಷಣ ನೋಡಿಕೊಳ್ಳುತ್ತಿದ್ದ ಸ್ತೀಪೆ ಶುವರ್ ಅನ್ನುವವರು ಗಿಮ್ನಾಜಿಯಾ ತೆಗೆದುಹಾಕಿದರು. ಎಲ್ಲರೂ ಮೊದಲು ಒಟ್ಟಿಗೆ ಓದಿ, ಆಮೇಲೆ ಏನಾದರೊಂದು ಕಸುಬಿನ ಕಡೆಗೆ ತಿರುಗಬೇಕು ಅಂತ. 90ರ ದಶಕದ ಶುರುವಿನಲ್ಲಿ ಗಿಮ್ನಾಜಿಯಾ ವಾಪಸ್ ಬಂತು. ಕೆಳಗಿನ ಮನೆಯಾಕೆ ಇವತ್ತಿಗೂ ಶುವರ್ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಆದರೆ ಮಗ ಪ್ರಬಂಧ ಬರೆಯಲು ಕಷ್ಟಪಡುವಾಗ, 'ನಮಗೆ ಕನಿಷ್ಠ ಎಲ್ಲರಿಗೂ ಒಂದೇ ಪಾಠ ಇತ್ತು' ಅಂತ ಅವರೇ ಅಂದದ್ದೂ ಉಂಟು.

ನರ್ಸ್ ಹುಡುಗಿ ಓದಿದ ಗ್ಲೆಂಬಾಯಿ

ಹುಡುಗನ ಅಕ್ಕ ನರ್ಸಿಂಗ್ ಶಾಲೆಯವಳು. ಅವಳದ್ದು ಐದು ವರ್ಷ. ಮೊದಲ 2 ವರ್ಷ ಸಾಮಾನ್ಯ ವಿಷಯಗಳು, ಆಮೇಲಿನ 3 ವರ್ಷ ಪೂರ್ತಿ ಶುಶ್ರೂಷೆ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ನರ್ಸ್ ಆಗುವವರಿಗೆ 4,600 ಗಂಟೆ ತರಬೇತಿ ಆಗಲೇಬೇಕು, ಅದಕ್ಕೆ ಈ ಏರ್ಪಾಡು. ಒಳ್ಳೆಯದೇ. ಆದರೆ ಸಾಹಿತ್ಯದ ಪಾಠದ ಮುಖ್ಯ ಭಾಗ ಹದಿನಾರು ಹದಿನೇಳು ವಯಸ್ಸಿಗೆ ಮುಗಿದುಹೋಗಿರುತ್ತದೆ. ಮತೂರಾ ಬರುವುದು ಹತ್ತೊಂಬತ್ತಕ್ಕೆ. ನಡುವೆ ವಾರ್ಡು, ಇಂಜೆಕ್ಷನ್, ಡ್ರೆಸಿಂಗ್, ಅಂಗರಚನೆ. ನರ್ಸಿಂಗ್ ಪದವಿ ಮಾಡಬೇಕು ಅಂತ ಅವಳ ಆಸೆ. ಅದಕ್ಕೆ ಮತೂರಾ ಬೇಕು. ಮತೂರಾಕ್ಕೆ ಕ್ರ್ಲೆಜಾ ಬೇಕು.

ಮಿರೊಸ್ಲಾವ್ ಕ್ರ್ಲೆಜಾ ಇಲ್ಲಿನ ದೊಡ್ಡ ಲೇಖಕ. ಇಲ್ಲಿ ಅವನನ್ನು ಓದದೆ ಶಾಲೆ ದಾಟುವ ಹಾಗಿಲ್ಲ. ಅವನ ನಾಟಕ 'ಗೊಸ್ಪೊದಾ ಗ್ಲೆಂಬಾಯೆವಿ' 1929ರಲ್ಲಿ ರಂಗಕ್ಕೆ ಬಂದದ್ದು. ಜಾಗ್ರೆಬ್‌ನ ಒಂದು ಸಾಹುಕಾರ ಮನೆತನ ಒಳಗಿಂದ ಕೊಳೆಯುವ ಕಥೆ. ಪಾತ್ರಗಳು ಮಾತು ಮಾತಿಗೆ ಜರ್ಮನ್‌ಗೆ ಜಾರುತ್ತವೆ. ಒಂದು ಭಾನುವಾರ ಸಂಜೆ ನಾನು ಹೋದಾಗ ಅವಳು ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಕೂತಿದ್ದಳು. ಕಾಲು ಕುರ್ಚಿ ಮೇಲೆ. ಪಕ್ಕದಲ್ಲಿ ತಣ್ಣಗಾದ ಸೂಪ್. ಕೈಯಲ್ಲಿ ಪುಸ್ತಕ, ಒಂದು ಬೆರಳು ಅಡಿಟಿಪ್ಪಣಿ ಮೇಲೆ. ಎರಡನೇ ಅಂಕ. ಮಗ ಲಿಯೋನೆಗೂ ಅಪ್ಪನಿಗೂ ಭಯಂಕರ ಜಗಳ, ಕೊನೆಗೆ ಅಪ್ಪ ಕುಸಿದು ಸಾಯುತ್ತಾನೆ. ಅವಳು ಪುಸ್ತಕ ಮಡಚಿ ಹೇಳಿದಳು: "ತೇತಾ, ಆ ವಯಸ್ಸಿನ ಮನುಷ್ಯನ ಬಿಪಿ ಹೀಗೆ ಏರಿಸುತ್ತಾರಾ? ಇದು ನಿಧಾನಕ್ಕೆ ಮಾಡಿದ ಕೊಲೆ. ಮಗನಿಗೂ ಅದು ಗೊತ್ತಿತ್ತು ಅನಿಸುತ್ತದೆ." (ಇಲ್ಲಿ ಮಕ್ಕಳು ಗುರುತಿರುವ ಹೆಂಗಸರನ್ನ ತೇತಾ ಅನ್ನುತ್ತಾರೆ, ನಾವು ಆಂಟಿ ಅಂದ ಹಾಗೆ.)

ನಾನು ಸುಮ್ಮನೆ ಕೂತುಬಿಟ್ಟೆ. ಆಮೇಲೆ ಹೇಳಿದೆ, ಇದನ್ನೇ ಬರಿ. ಮೊದಲ ವಾಕ್ಯವೇ ಇದಾಗಲಿ. ಅವಳು ನಕ್ಕಳು. "ಬರೆದರೆ ಮಾರ್ಕ್ಸ್ ಬರುವುದಿಲ್ಲ. ಗ್ಲೆಂಬಾಯಿಗಳು ಬೂರ್ಜ್ವಾ ವರ್ಗದ ನೈತಿಕ ಪತನವನ್ನು ತೋರಿಸುತ್ತಾರೆ ಅಂತ ಬರೆಯಬೇಕು." ಬರೆದರೆ ನಿಜವಾಗಿಯೂ ಮಾರ್ಕ್ಸ್ ಬರುತ್ತಿರಲಿಲ್ಲವಾ? ನನಗೇನೋ ಬರುತ್ತಿತ್ತು ಅನಿಸುತ್ತದೆ, ನಾಟಕದಿಂದ ಆಧಾರ ತೋರಿಸಿದ್ದರೆ. ಪರೀಕ್ಷೆ ಕೇಳುವುದೂ ಅದನ್ನೇ. ಆದರೆ ಅವಳಿಗೆ ಹಾಗೆ ಅಂತ ಯಾರೂ ಹೇಳಿರಲಿಲ್ಲ. ತನ್ನ ಕಸುಬಿನಿಂದ ಬಂದ ತಿಳಿವಳಿಕೆ ಕ್ರೊಯೇಷಿಯನ್ ಪೀರಿಯಡ್‌ಗೆ ಸಂಬಂಧಪಟ್ಟದ್ದಲ್ಲ ಅಂತ ಅವಳು ನಂಬಿಬಿಟ್ಟಿದ್ದಳು.

ತಮಾಷೆ ಅಂದರೆ, ಅದೇ ಹುಡುಗಿ ವಾರಗಟ್ಟಲೆ ಬೇರೊಂದು ಬರವಣಿಗೆ ಮಾಡುತ್ತಿದ್ದಳು. ರೋಗಿಯ ಆರೈಕೆ ಯೋಜನೆ. ನರ್ಸಿಂಗ್ ಶಾಲೆಯಲ್ಲಿ ಇದು ಕಡ್ಡಾಯ ಅಭ್ಯಾಸ. ತೊಂದರೆ ಏನು, ಅದು ತೊಂದರೆ ಅಂತ ಯಾವುದರಿಂದ ಗೊತ್ತಾಯಿತು, ಗುರಿ ಏನು, ಏನೇನು ಮಾಡಬೇಕು, ಮಾಡಿದ ಮೇಲೆ ಏನಾಯಿತು. ಅವಳು ಬರೆದ ಒಂದನ್ನ ನಾನು ನೋಡಿದೆ, ಹೆಸರು ಕುಲ ಏನೂ ಇಲ್ಲದ ಅಭ್ಯಾಸದ ಹಾಳೆ. ಹಾಸಿಗೆ ಹಿಡಿದ ಮುದುಕಿಗೆ ಬೆನ್ನ ಮೇಲೆ ಹುಣ್ಣಾಗುವ ಅಪಾಯ. ಯಾಕೆ: ಚಲನೆ ಇಲ್ಲ, ತೂಕ ಇಳಿದಿದೆ, ಚರ್ಮ ಒಂದು ಕಡೆ ಕೆಂಪಾಗಿದೆ. ಏನು ಮಾಡುವುದು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಏನಾಯಿತು: ಕೆಂಪು ಇಳಿದಿದೆ, ಹೊಸದು ಕಾಣಲಿಲ್ಲ. ಒಂದು ಪದ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಒಂದು ಮಾತು ಹೇಳುವುದು, ಆಧಾರ ಕೊಡುವುದು, ಫಲ ನೋಡಿ ಮತ್ತೆ ತೂಗುವುದು. ಕಾಲೇಜಿನಲ್ಲಿ ಬರವಣಿಗೆ ಅಂದರೆ ಇದೇ ತಾನೇ? ಆದರೆ ಈ ಹಾಳೆ ನೋಡುವುದು ನರ್ಸಿಂಗ್ ಟೀಚರ್. ಕ್ರೊಯೇಷಿಯನ್ ಟೀಚರ್‌ಗೆ ಇಂಥದ್ದೊಂದು ಇದೆ ಅಂತ ಗೊತ್ತಿರುವುದೂ ಅನುಮಾನ.

ಎರಡು ಕೋಣೆ

ಈಗ ವೃತ್ತಿಶಾಲೆ ಮುಗಿಸುವ ವಿಷಯಕ್ಕೆ ಬರುತ್ತೇನೆ. ಗಿಮ್ನಾಜಿಯಾದವರು ಮತೂರಾ ಬರೆದು ಹೊರಟುಹೋಗುತ್ತಾರೆ. ವೃತ್ತಿಶಾಲೆಯವರು 'ಜವರ್ಶ್ನಿ ರಾದ್' ಮಾಡಬೇಕು. ನಮ್ಮ ಡಿಪ್ಲೊಮಾ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಇದ್ದ ಹಾಗೆ. ಒಬ್ಬ ಮೆಂಟರ್, ಒಂದು ವಿಷಯ, ಕೆಲಸ, ಅದರ ಬರಹ, ಕೊನೆಗೆ ಸಮಿತಿಯ ಮುಂದೆ ನಿಂತು ಸಮರ್ಥನೆ. ಮೋಟರಿನ ವರದಿ ಅಂದೆನಲ್ಲ, ಅದು ಇದೇ.

ಇದನ್ನ ಸ್ವಲ್ಪ ಯೋಚಿಸಿ ನೋಡಿ. ಕಾಲೇಜಿನ ಮೊದಲ ವರ್ಷಕ್ಕೆ ಬಂದ ಇಬ್ಬರಲ್ಲಿ, ಒಂದು ವಿಷಯ ಹಿಡಿದು ತಿಂಗಳುಗಟ್ಟಲೆ ಕೆಲಸ ಮಾಡಿ, ಬರೆದು, ನಾಲ್ಕು ಜನರ ಪ್ರಶ್ನೆಗೆ ಉತ್ತರ ಕೊಟ್ಟವನು ಯಾರು? ವೃತ್ತಿಶಾಲೆಯವನು. ಗಿಮ್ನಾಜಿಯಾದವನಿಗೆ ಇಂಥ ಕಡ್ಡಾಯವೇ ಇಲ್ಲ. ಕಾಗದದ ಮೇಲೆ ನೋಡಿದರೆ ಮೋಟರಿನ ಹುಡುಗ ಮುಂದಿರಬೇಕಿತ್ತು. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಅವನ ಲ್ಯಾಬ್ ವರದಿ ವಾಪಸ್ ಬಂತು. ಅಂಚಿನಲ್ಲಿ ಅಸಿಸ್ಟೆಂಟ್ ಒಂದೇ ಪದ ಬರೆದಿದ್ದರು: ಯಾಕೆ? ಅದು ನಾಲ್ಕೈದು ಕಡೆ.

ನಾವಿಬ್ಬರೂ ಕೂತು ಆ ಲ್ಯಾಬ್ ವರದಿ ಓದಿದೆವು, ಅದೂ ಮೋಟರಿನದೇ. 'ಫ್ರೀಕ್ವೆನ್ಸಿ ಕನ್ವರ್ಟರ್ ಬಳಸಲಾಯಿತು. ವೇಗವನ್ನು ಅಳೆಯಲಾಯಿತು. ಫಲಿತಾಂಶ ತೃಪ್ತಿಕರವಾಗಿತ್ತು.' ಯಾರು ಬಳಸಿದರು, ಯಾಕೆ ಅದನ್ನೇ, ಎಷ್ಟಕ್ಕೆ ತೃಪ್ತಿ, ಏನೂ ಇಲ್ಲ. ಪೆನ್ ಕೆಳಗಿಡು, ಬಾಯಲ್ಲಿ ಹೇಳು ಅಂದೆ. ಹೇಳಿದ ನೋಡಿ! ಮೋಟರಿಗೆ ಕೊಡುವ ಕರೆಂಟಿನ ಫ್ರೀಕ್ವೆನ್ಸಿ ಇಳಿಸಿದರೆ ವೇಗ ಇಳಿಯುತ್ತದೆ, ಆದರೆ ಫ್ರೀಕ್ವೆನ್ಸಿ ಒಂದನ್ನೇ ಇಳಿಸಿದರೆ ಸಾಲದು, ವೋಲ್ಟೇಜೂ ಅದರ ಜೊತೆ ಇಳಿಯಬೇಕು, ಇಲ್ಲದಿದ್ದರೆ ಮೋಟರ್ ಬಿಸಿಯಾಗುತ್ತದೆ, ನಾನು ಮೊದಲು ಸೆಟ್ಟಿಂಗ್ ಸರಿ ಇಡದೆ ಅದು ಬಿಸಿಯಾಗಿ ವಾಸನೆ ಬಂತು, ಅದಕ್ಕೇ ಎರಡನೇ ಸಲ ಹೀಗೆ ಮಾಡಿದೆ. ಆದರೆ, ಇಲ್ಲದಿದ್ದರೆ, ಅದಕ್ಕೇ. ವರದಿಯಲ್ಲಿ ಇಲ್ಲದ ಪದಗಳೆಲ್ಲ ಬಾಯಲ್ಲಿ ಇದ್ದವು. ಇದನ್ನ ಯಾಕೆ ಬರೆಯಲಿಲ್ಲ ಅಂದರೆ, "ವಾಸನೆ ಬಂತು ಅಂತೆಲ್ಲ ಬರೆಯಬಾರದು ಅಲ್ವಾ ತೇತಾ, ಅದು ಮಾತಾಡುವ ಭಾಷೆ" ಅಂದ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹುಡುಗನ ಅಜ್ಜಿ ಜಾಗ್ರೆಬ್‌ನ ಉತ್ತರದ ಜಾಗೋರ್ಯೆ ಕಡೆಯವರು, ಆ ಮನೆಯಲ್ಲಿ ಕಾಯ್ಕಾವಿಯನ್ ಅನ್ನುವ ಆ ಕಡೆಯ ಆಡುಮಾತು. ಪುಸ್ತಕದ ಭಾಷೆ ಬೇರೆ. ಶಾಲೆಯಲ್ಲಿ ಅವನು ಕಂಡ ಕೆಂಪು ಗುರುತೆಲ್ಲ ಎರಡು ತರದ ಚಕಾರ ಅದಲುಬದಲು ಆದದ್ದಕ್ಕೆ, 'ಇಯೆ' ಎಲ್ಲಿ 'ಯೆ' ಎಲ್ಲಿ ಅಂತ ತಪ್ಪಿದ್ದಕ್ಕೆ. ನಮ್ಮ ಹಳೇ ಮೈಸೂರು ಕಡೆಯ ಮಕ್ಕಳು ಅಕಾರ ಹಕಾರಕ್ಕೆ ಬೈಸಿಕೊಂಡ ಹಾಗೆ. ಬೈಸಿಕೊಂಡ ಹುಡುಗ ಏನು ಮಾಡುತ್ತಾನೆ? ತಪ್ಪಾಗದಂಥ ಸಣ್ಣ ವಾಕ್ಯ ಬರೆಯುತ್ತಾನೆ. ಬಳಸಲಾಯಿತು. ಅಳೆಯಲಾಯಿತು. ಸುರಕ್ಷಿತ ವಾಕ್ಯಗಳು. ಅವುಗಳಲ್ಲಿ ಯೋಚನೆಗೆ ಜಾಗ ಇಲ್ಲ.

ನಾನೂ ಶಿವಮೊಗ್ಗದಲ್ಲಿ ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು, ನೇರ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಹಾರಿದವಳು. ನಮಗೆ ಗಣಿತ ಕಮ್ಮಿ ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಬ್ರಿಡ್ಜ್ ಕೋರ್ಸ್ ಇಟ್ಟಿದ್ದರು. ಬರೆಯುವುದು ಕಮ್ಮಿ ಅಂತ ಯಾರಿಗೂ ಹೊಳೆಯಲಿಲ್ಲ. ಅಲ್ಲಿ ಇಂಗ್ಲಿಷ್ ಬೇರೆ ಅಡ್ಡ ಬರುತ್ತಿತ್ತು, ಹಾಗಾಗಿ ತೊಂದರೆ ಇಂಗ್ಲಿಷಿನದ್ದು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಈ ಹುಡುಗ ಓದುವುದು, ಬರೆಯುವುದು, ಮನೆಯಲ್ಲಿ ಮಾತಾಡುವುದು ಎಲ್ಲ ಕ್ರೊಯೇಷಿಯನ್. ಇವನಿಗೂ ಅದೇ ಕಷ್ಟ. ಅಂದಮೇಲೆ ಇಂಗ್ಲಿಷ್ ಒಂದನ್ನೇ ದೂರಿ ಪ್ರಯೋಜನ ಇಲ್ಲ. ಗೊತ್ತಿರುವುದನ್ನ ಕಾರಣ ಸಮೇತ ಕಾಗದಕ್ಕಿಳಿಸುವ ಅಭ್ಯಾಸವನ್ನ ಅಲ್ಲೂ ಯಾರೂ ಮಾಡಿಸಲಿಲ್ಲ, ಇಲ್ಲೂ ಮಾಡಿಸುತ್ತಿಲ್ಲ.

ಟೀಚರ್ ಹೇಳಿದ್ದು

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನನ್ನ ಪರಿಚಯದ ಟೀಚರ್ ಒಬ್ಬರ ಹತ್ತಿರ ಹೋದೆ. ಬೇರೊಂದು ವೃತ್ತಿಶಾಲೆಯಲ್ಲಿ ಕ್ರೊಯೇಷಿಯನ್ ಪಾಠ ಮಾಡುತ್ತಾರೆ. ಕಾಫಿಗೆ ಕೂತರೆ ಇಲ್ಲಿ ಎರಡು ಗಂಟೆ ಗ್ಯಾರಂಟಿ, ಹಾಗಾಗಿ ಸಾವಕಾಶ ಮಾತಾಯಿತು. ನನ್ನ ಸಲಹೆ ಸರಳ: ಜವರ್ಶ್ನಿ ರಾದ್ ಬರೆಯುವ ವರ್ಷ ಅದರ ಕರಡು ಕ್ರೊಯೇಷಿಯನ್ ಪೀರಿಯಡ್‌ಗೂ ಬರಲಿ. ಮೋಟರ್ ಸರಿ ಇದೆಯಾ ಅಂತ ಮೆಂಟರ್ ನೋಡಲಿ, ಮಾತು ಒಂದಕ್ಕೊಂದು ಕೂಡುತ್ತದಾ ಅಂತ ನೀವು ನೋಡಿ.

ಅವರು ಸಕ್ಕರೆ ಕಲಕುತ್ತಾ ಕೇಳಿದರು, "ಯಾವ ಪೀರಿಯಡ್‌ನಲ್ಲಿ? ನನಗಿರುವುದು ಮೂರು. ಪ್ರಾಕ್ಟಿಕಲ್ ವಾರ ಬಂದರೆ ಮಕ್ಕಳೇ ಇರುವುದಿಲ್ಲ. ಅವರ ಕರಡು ಓದುತ್ತಾ ಕೂತರೆ ಮತೂರಾದ ಪ್ರಬಂಧ ಯಾರು ಮಾಡಿಸುತ್ತಾರೆ? ಟ್ಯೂಷನ್‌ಗೆ ದುಡ್ಡಿರುವವರು ಪಾಸಾಗುತ್ತಾರೆ, ಉಳಿದವರು ನನ್ನ ಮುಖ ನೋಡುತ್ತಾರೆ." ಹಾಗಾದರೆ ಸಾಹಿತ್ಯ ಕಮ್ಮಿ ಮಾಡಿ ಅಂತೀರಾ ಅಂದೆ. ಆಗ ನಿಜಕ್ಕೂ ಸಿಟ್ಟು ಬಂತು ಅವರಿಗೆ. "ಎಲ್ಲರೂ ಅದನ್ನೇ ಹೇಳುತ್ತಾರೆ. ಪ್ಲಂಬರ್‌ಗೆ ನಾಟಕ ಯಾಕೆ ಅಂತ. ನನ್ನ ಪ್ಲಂಬರ್ ಹುಡುಗರು ಅಂತಿಗೊನೆ ಓದಿ ಇಡೀ ಪೀರಿಯಡ್ ಜಗಳ ಆಡಿದ್ದಾರೆ. ಒಡಹುಟ್ಟಿದವನ ಹೆಣ ಹೂಳಬಾರದು ಅಂದರೆ ನೀನು ಕೇಳ್ತೀಯಾ ಅಂತ. ಗಿಮ್ನಾಜಿಯಾದಲ್ಲಿ ಪಾಠ ಮಾಡಿದ್ದೇನೆ, ಅಲ್ಲಿ ಇಂಥ ಜಗಳ ಕಂಡಿಲ್ಲ."

ಅವರ ಮಾತು ನನಗೆ ಒಪ್ಪಿಗೆ. ಸಾಹಿತ್ಯ ಕಿತ್ತುಹಾಕಿ ಅರ್ಜಿ ಬರೆಯುವುದು ಕಲಿಸಿ ಅನ್ನುವವರ ಜೊತೆ ನಾನಿಲ್ಲ. ಅವರಿಗೆ ವೃತ್ತಿಶಾಲೆಯ ಮಕ್ಕಳು ಅರ್ಜಿ ಬರೆಯುವುದಕ್ಕೇ ಹುಟ್ಟಿದವರು ಅಂತ ಭಾವನೆ. ಆದರೆ ಆ ಜಗಳ ಪ್ರಬಂಧಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಅದನ್ನೇ ಕೇಳಿದೆ. ಟೀಚರ್ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಜಗಳ ಆಡಿದ ಪೀರಿಯಡ್ ಆದಮೇಲೆ ಮುಂದಿನ ಪೀರಿಯಡ್‌ನಲ್ಲಿ ತಾವು ಬೋರ್ಡ್ ಮೇಲೆ ಪ್ರಬಂಧದ ಚೌಕಟ್ಟು ಬರೆದು ಕೊಟ್ಟದ್ದನ್ನ ಹೇಳಿದರು. ಚೌಕಟ್ಟು ಕೊಡದಿದ್ದರೆ ಪಾಸಾಗುವುದಿಲ್ಲ ಅನ್ನುವ ಹೆದರಿಕೆ ಮಕ್ಕಳಿಗಿಂತ ತಮಗೇ ಜಾಸ್ತಿ ಅಂತಲೂ ಹೇಳಿದರು.

ನನ್ನ ಲೆಕ್ಕದಲ್ಲಿ ಇದಕ್ಕೆ ಟೀಚರ್ ಹೊಣೆ ಅಲ್ಲ. ಪರೀಕ್ಷೆ ಒಂದೇ ಮಾಡಿದವರು ಪೀರಿಯಡ್ಡೂ ಒಂದೇ ಮಾಡಬೇಕಿತ್ತು. ಆ ನಾಲ್ಕನೇ ಪೀರಿಯಡ್ ಸಿಕ್ಕಿದರೆ ಅದನ್ನ ಇನ್ನೊಂದು ಕೃತಿಗೆ ಕೊಡಬೇಡಿ, ವರ್ಕ್‌ಶಾಪ್‌ನಿಂದ ಬರುವ ಬರಹಕ್ಕೆ ಕೊಡಿ ಅಂದೆ. ಆರೈಕೆ ಯೋಜನೆ, ಮೋಟರಿನ ವರದಿ, ಅಡುಗೆ ಕೋರ್ಸ್‌ನವರ ಖರ್ಚಿನ ಲೆಕ್ಕಕ್ಕೆ ಬರೆಯುವ ವಿವರಣೆ, ಏನೇ ಇರಲಿ. ಟೀಚರ್ ತಲೆಯಾಡಿಸಿದರು, ಆದರೆ ಅವರ ಆಕ್ಷೇಪ ಮುಗಿದಿರಲಿಲ್ಲ: "ಫ್ರೀಕ್ವೆನ್ಸಿ ಕನ್ವರ್ಟರ್ ಅಂದರೆ ನನಗೆ ತಲೆಬುಡ ಗೊತ್ತಿಲ್ಲ. ನಾನು ಏನು ತಿದ್ದಲಿ?" ಗೊತ್ತಿಲ್ಲದಿರುವುದೇ ಒಳ್ಳೆಯದು ಅಂದೆ. ಗೊತ್ತಿರುವ ಮೆಂಟರ್ ಬಿಟ್ಟುಹೋದದ್ದನ್ನ ತಾವೇ ತುಂಬಿಕೊಂಡು ಓದುತ್ತಾರೆ. ಗೊತ್ತಿಲ್ಲದವರೇ ಅಂಚಿನಲ್ಲಿ 'ಯಾಕೆ' ಅಂತ ಬರೆಯುವುದು. ಕಾಲೇಜಿಗೆ ಹೋಗಿ ಆ ಪದ ನೋಡುವ ಬದಲು ಶಾಲೆಯಲ್ಲೇ ನೋಡಲಿ.

ಬಿಲ್ ಬಂತು. ಅವರೇ ಕೊಟ್ಟರು. ಮುಂದಿನ ವರ್ಷದ ಒಂದು ಕ್ಲಾಸ್‌ನಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರನ್ನ ಕೇಳಿ ಎರಡು ಕರಡು ತರಿಸಿಕೊಳ್ಳುತ್ತೇನೆ, ಎರಡೇ, ಅದಕ್ಕಿಂತ ಜಾಸ್ತಿ ಕೇಳಬೇಡಿ ಅಂದರು.